ರೇಡಿಯೊ ದನಿಯನ್ನು ಹದಕ್ಕೆ ತರುವುದು ಹೇಗೆ?

ಒಂದೇ ಹಾಡು ಎರಡು ಎಫ್‌ಎಂ ಸ್ಟೇಷನ್‌ಗಳಲ್ಲಿ ಒಂದೇ ಹೊತ್ತಿಗೆ ಬರುವುದುಂಟು. ಅಂಥ ಸಮಯ ಸಿಕ್ಕರೆ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹೊರಳಿಸಿ ಕೇಳಿ ನೋಡಿ. ಒಂದರಲ್ಲಿ ಹಾಡು ಮೈಮೇಲೆ ಬಂದಂತೆ ಜೋರಾಗಿರುತ್ತದೆ. ಬೇಸ್ ಎದೆಗೆ ಬಡಿಯುತ್ತದೆ. ಇನ್ನೊಂದರಲ್ಲಿ ಅದೇ ಹಾಡು ಸ್ವಲ್ಪ ಮೆತ್ತಗೆ, ಸ್ವಲ್ಪ ದೂರದಲ್ಲಿ ಇರುತ್ತದೆ. ಆದರೆ ಗಾಯಕಿ ಉಸಿರೆಳೆದುಕೊಳ್ಳುವುದೂ ಕೇಳುವಷ್ಟು ತಿಳಿಯಾಗಿರುತ್ತದೆ. ಹಾಡು ಒಂದೇ, ರೇಡಿಯೊ ಒಂದೇ, ಕಿವಿ ಒಂದೇ. ದನಿ ಮಾತ್ರ ಬೇರೆ.

ಈ ವ್ಯತ್ಯಾಸ ಹುಟ್ಟುವುದು ಸ್ಟುಡಿಯೊಗೂ ಟ್ರಾನ್ಸ್‌ಮಿಟರ್‌ಗೂ ನಡುವೆ ಇರುವ ಒಂದು ಪೆಟ್ಟಿಗೆಯಲ್ಲಿ. ಅದಕ್ಕೆ ಆಡಿಯೊ ಪ್ರೊಸೆಸರ್ ಅಂತ ಹೆಸರು. ಸ್ಟೇಷನ್‌ನಿಂದ ಹೊರಗೆ ಹೋಗುವ ಪ್ರತಿ ಮಾತು, ಪ್ರತಿ ಹಾಡು, ಪ್ರತಿ ಜಾಹೀರಾತು ಅದರೊಳಗೆ ಹಾದೇ ಹೋಗಬೇಕು. ನಾನು ಬಹಳ ವರ್ಷ ಈ ಪೆಟ್ಟಿಗೆಯ ಮುಂದೆ ಕೂತಿದ್ದೇನೆ. ಹೊಸಬರು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಯಾವ ನಾಬ್ ತಿರುಗಿಸಿದರೆ ನಮ್ಮ ಸ್ಟೇಷನ್ ಆ ಸ್ಟೇಷನ್ ಥರ ಕೇಳುತ್ತದೆ?" ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಒಂದು ಬೇಲಿಯ ವಿಷಯ ಹೇಳಬೇಕು.

ಬೇಲಿ ಎಲ್ಲಿದೆ

ಎಫ್‌ಎಂನಲ್ಲಿ ಶಬ್ದ ಹೋಗುವುದು ರೇಡಿಯೊ ಅಲೆಯ ಫ್ರೀಕ್ವೆನ್ಸಿಯನ್ನು ಅತ್ತಿತ್ತ ಸರಿಸುವುದರಿಂದ. ಸದ್ದು ಜೋರಾದಷ್ಟೂ ಆ ಸರಿದಾಟ ಜಾಸ್ತಿ. ಬಹುತೇಕ ಎಲ್ಲ ಕಡೆ ಇರುವ ನಿಯಮದ ಪ್ರಕಾರ ಅದು ಒಂದೊಂದು ಕಡೆಗೆ 75 ಕಿಲೋಹರ್ಟ್ಜ್ ದಾಟುವಂತಿಲ್ಲ. ದಾಟಿದರೆ ಪಕ್ಕದ ಸ್ಟೇಷನ್‌ಗೆ ತೊಂದರೆ, ಕೇಳುವವರ ರೇಡಿಯೊದಲ್ಲೂ ಒಡಕು ದನಿ. ದೊಡ್ಡ ಸ್ಟೇಷನ್, ಸಣ್ಣ ಸ್ಟೇಷನ್ ಅನ್ನುವ ಭೇದ ಇಲ್ಲಿಲ್ಲ. ಎಲ್ಲರಿಗೂ ಅಷ್ಟೇ ಜಾಗ.

ಆ ಜಾಗವೂ ಪೂರ್ತಿ ಹಾಡಿಗೆ ಸಿಗುವುದಿಲ್ಲ. ಇದು ಸ್ಟೀರಿಯೊ ಅಂತ ರೇಡಿಯೊಗೆ ತಿಳಿಸಲು 19 ಕಿಲೋಹರ್ಟ್ಜ್‌ನಲ್ಲಿ ಪೈಲಟ್ ಅನ್ನುವ ಸ್ವರ ಸದಾ ಹೋಗುತ್ತಿರುತ್ತದೆ. ಅದಕ್ಕೆ ಶೇ. 8ರಿಂದ 10ರಷ್ಟು ಪಾಲು. ಸ್ಟೇಷನ್ ಹೆಸರನ್ನು ರೇಡಿಯೊದ ಪರದೆಯ ಮೇಲೆ ತೋರಿಸುವ ಆರ್‌ಡಿಎಸ್ 57 ಕಿಲೋಹರ್ಟ್ಜ್‌ನಲ್ಲಿ ಕೂತು ಇನ್ನೊಂದಿಷ್ಟು ತೆಗೆದುಕೊಳ್ಳುತ್ತದೆ. ಪೈಲಟ್‌ಗೆ ಶೇ. 9 ಕೊಟ್ಟೆವು ಅಂದರೆ ಉಳಿದ 91ರಲ್ಲಿ ಬಾಕಿ ಎಲ್ಲವೂ ಹಿಡಿಸಬೇಕು. ಡೆಸಿಬಲ್ ಲೆಕ್ಕದಲ್ಲಿ ಇದು ಸುಮಾರು 0.8ರಷ್ಟು ನಷ್ಟ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಜವಾದ ವಿಷಯ ಇರುವುದು ಉಳಿದ ಜಾಗವನ್ನು ಹೇಗೆ ತುಂಬುತ್ತೇವೆ ಅನ್ನುವುದರಲ್ಲಿ.

ಯಾಕೆ ಅಂದರೆ ಬೇಲಿ ನೋಡುವುದು ಅಲೆಯ ಎತ್ತರವನ್ನು. ಕಿವಿ ನೋಡುವುದು ಅಲೆ ಎಷ್ಟು ತುಂಬಿಕೊಂಡಿದೆ ಅನ್ನುವುದನ್ನು. ಡ್ರಮ್‌ಗೆ ಒಂದು ಪೆಟ್ಟು ಬಿದ್ದಾಗ ಅಲೆ ಥಟ್ಟನೆ ಜಿಗಿದು ಥಟ್ಟನೆ ಬೀಳುತ್ತದೆ. ಆ ಜಿಗಿತದ ತುದಿ ಕೆಲವೇ ಮಿಲಿಸೆಕೆಂಡ್. ಅದು ಬೇಲಿ ದಾಟದಿರಲಿ ಅಂತ ಇಡೀ ಹಾಡನ್ನೇ ಕೆಳಗಿಳಿಸಿದರೆ ಏನಾಗುತ್ತದೆ? ಪೆಟ್ಟು ಬೇಲಿಯ ಅಂಚಿನಲ್ಲಿ, ಗಾಯಕಿಯ ದನಿ ಎಲ್ಲೋ ಕೆಳಗೆ. ಮೀಟರ್ ತುಂಬಿದೆ ಅನ್ನುತ್ತದೆ, ಕಿವಿ ಸಾಲದು ಅನ್ನುತ್ತದೆ. ಅದರ ಬದಲು ಪೆಟ್ಟಿನ ತುದಿಯನ್ನಷ್ಟೇ ತಗ್ಗಿಸಿ, ಉಳಿದದ್ದನ್ನೆಲ್ಲ ಮೇಲೆತ್ತಿ. ಬೇಲಿ ಇದ್ದಲ್ಲೇ ಇರುತ್ತದೆ. ಸ್ಟೇಷನ್ ಜೋರಾಗುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವಲ್ಲ, ಇಲ್ಲಿ ಹಾಸಿಗೆ ಎಲ್ಲರಿಗೂ ಒಂದೇ ಅಳತೆಯದು. ಅದರ ಮೇಲೆ ಮೂವರು ಮಲಗಬೇಕು: ಜೋರು, ಹೊಳಪು, ಶುಚಿ. ಒಬ್ಬರು ಕಾಲು ಚಾಚಿದರೆ ಇನ್ನಿಬ್ಬರು ಮುದುರಿಕೊಳ್ಳಲೇಬೇಕು. ಸ್ಟೇಷನ್‌ನ ದನಿ ಅಂದರೆ ಈ ಮೂವರಿಗೆ ನೀವು ಹಂಚಿಕೊಟ್ಟ ಜಾಗ. ಯಾವ ನಾಬ್ ತಿರುಗಿಸಿದರೂ ನೀವು ಮಾಡುತ್ತಿರುವುದು ಈ ಹಂಚಿಕೆಯನ್ನೇ. ಇದು ಮನಸ್ಸಿನಲ್ಲಿ ಕೂತರೆ ಪೆಟ್ಟಿಗೆಯ ನೂರಾರು ಸೆಟ್ಟಿಂಗ್‌ಗಳ ಭಯ ಅರ್ಧಕ್ಕರ್ಧ ಹೋಗುತ್ತದೆ.

"ಸ" ಅನ್ನುವ ಅಕ್ಷರ

ಹಂಚಿಕೆಯಲ್ಲಿ ಹೊಸಬರನ್ನು ಜಾಸ್ತಿ ಕಾಡುವುದು ಟ್ರೆಬಲ್, ಅಂದರೆ ಶಬ್ದದ ಮೇಲಿನ ಸ್ವರಗಳು. ಇದಕ್ಕೆ ಎಫ್‌ಎಂನ ಒಳಗೇ ಒಂದು ಕಾರಣ ಇದೆ.

ಎಫ್‌ಎಂನಲ್ಲಿ ಸಿಗ್ನಲ್ ಜೊತೆ ಬಂದು ಸೇರುವ "ಸುಯ್" ಸದ್ದು ಮೇಲಿನ ಸ್ವರಗಳಲ್ಲೇ ಜಾಸ್ತಿ. ಅದನ್ನು ಅಡಗಿಸಲು ಹಿಂದಿನವರು ಒಂದು ಉಪಾಯ ಮಾಡಿದರು. ಕಳಿಸುವಾಗ ಟ್ರೆಬಲ್ ಎತ್ತಿ ಕಳಿಸುವುದು, ರೇಡಿಯೊ ಒಳಗೆ ಅಷ್ಟೇ ಇಳಿಸುವುದು. ಇಳಿಸುವಾಗ ಟ್ರೆಬಲ್ ಜೊತೆಗೆ "ಸುಯ್" ಕೂಡ ಇಳಿಯುತ್ತದೆ. ಇದೇ ಪ್ರಿ-ಎಂಫಸಿಸ್. ಯುರೋಪ್ ಸೇರಿ ಜಗತ್ತಿನ ಬಹುಪಾಲು ಕಡೆ ಇದರ ಅಳತೆ 50 ಮೈಕ್ರೊಸೆಕೆಂಡ್. ಅಮೆರಿಕ, ಕೆನಡಾ, ದಕ್ಷಿಣ ಕೊರಿಯಾದಲ್ಲಿ 75.

ಉಪಾಯ ಒಳ್ಳೆಯದೇ. ಆದರೆ ಎಷ್ಟು ಎತ್ತುತ್ತದೆ ನೋಡಿ. 15 ಕಿಲೋಹರ್ಟ್ಜ್‌ನಲ್ಲಿ 50 ಮೈಕ್ರೊಸೆಕೆಂಡ್ ಅಳತೆಗೆ ಸುಮಾರು 13.7 ಡೆಸಿಬಲ್, 75ಕ್ಕೆ ಸುಮಾರು 17. ಅಂದರೆ ಅಲೆಯ ಎತ್ತರ ಒಂದರಲ್ಲಿ ಹೆಚ್ಚುಕಡಿಮೆ ಐದು ಪಟ್ಟು, ಇನ್ನೊಂದರಲ್ಲಿ ಏಳು ಪಟ್ಟು. ಬೇಲಿ ಮಾತ್ರ ಒಂದಿಂಚೂ ಸರಿಯುವುದಿಲ್ಲ.

ಒಂದೇ ಒಂದು ಅಕ್ಷರ ತೆಗೆದುಕೊಂಡು ನೋಡೋಣ. ನಿರೂಪಕಿ "ಸಂಜೆಯ ಸುದ್ದಿ" ಅನ್ನುತ್ತಾರೆ. ಆ "ಸ್" ಸದ್ದಿನ ಬಲವೆಲ್ಲ 5ರಿಂದ 8 ಕಿಲೋಹರ್ಟ್ಜ್‌ ಆಸುಪಾಸಿನಲ್ಲಿ ಇರುತ್ತದೆ. ಮೈಕಿನ ಮೀಟರ್‌ನಲ್ಲಿ ಅದು ಮುಂದೆ ಬರುವ ಸ್ವರಕ್ಕಿಂತ ಚಿಕ್ಕದು. ಪ್ರಿ-ಎಂಫಸಿಸ್ ಆದ ಮೇಲೆ 6 ಕಿಲೋಹರ್ಟ್ಜ್‌ನಲ್ಲಿರುವುದು ಎರಡು ಪಟ್ಟಿಗಿಂತ ಜಾಸ್ತಿ ಎತ್ತರವಾಗುತ್ತದೆ. 75 ಮೈಕ್ರೊಸೆಕೆಂಡ್ ಇರುವ ಕಡೆ ಮೂರು ಪಟ್ಟು. ಈಗ ಬೇಲಿಗೆ ಮೊದಲು ತಾಗುವುದು ಆ ಚಿಕ್ಕ "ಸ್".

ಪ್ರೊಸೆಸರ್‌ಗೆ ಆಗ ಎರಡು ದಾರಿ. ಆ ಕ್ಷಣಕ್ಕೆ ಟ್ರೆಬಲ್ ಅಮುಕುವುದು ಒಂದು. ಜಾಸ್ತಿ ಅಮುಕಿದರೆ "ಸ" ಹೋಗಿ "ಥ" ಬಂದ ಹಾಗೆ ಕೇಳುತ್ತದೆ. ಒಳ್ಳೆಯ ನಿರೂಪಕಿ ತೊದಲುತ್ತಿದ್ದಾರೆ ಅನ್ನಿಸುತ್ತದೆ. ಅಲೆಯ ತಲೆ ಕತ್ತರಿಸುವುದು ಇನ್ನೊಂದು. ಅದು ಜಾಸ್ತಿ ಆದರೆ ಹಾಳೆ ಹರಿದಂತೆ "ಚರ್" ಅನ್ನುತ್ತದೆ. ಈ ಸ್ಥಿತಿಯಲ್ಲಿ ನೀವು ಇನ್ನೂ ಹೊಳಪು ಬರಲಿ ಅಂತ ಟ್ರೆಬಲ್ 2 ಡೆಸಿಬಲ್ ಎತ್ತಿದಿರಿ ಅಂದುಕೊಳ್ಳಿ. ಬೇಲಿಗೆ ಆಗಲೇ ತಾಗಿರುವುದನ್ನು ಮತ್ತೆ ಎತ್ತಿದರೆ ಬರುವುದು ಹೊಳಪಲ್ಲ, "ಚರ್" ಇನ್ನಷ್ಟು. ಎಷ್ಟೋ ಸಲ ಟ್ರೆಬಲ್ ಒಂದೂವರೆ ಡೆಸಿಬಲ್ ಇಳಿಸಿದಾಗಲೇ ದನಿ ತಿಳಿಯಾಗಿ, ಇನ್ನೂ ಹೊಳೆಯುವಂತೆ ಕೇಳಿದ್ದನ್ನು ನಾನು ಕಂಡಿದ್ದೇನೆ. ಮೊದಲ ಸಲ ನನಗೂ ನಂಬಿಕೆ ಬರಲಿಲ್ಲ.

ಪೆಟ್ಟಿಗೆಯ ಒಳಗೆ

ಕಂಪನಿ ಯಾವುದೇ ಇರಲಿ, ಒಳಗಿನ ಸಾಲು ಹೆಚ್ಚುಕಡಿಮೆ ಒಂದೇ. ಮೊದಲು ಎಜಿಸಿ (ಆಟೊಮ್ಯಾಟಿಕ್ ಗೇನ್ ಕಂಟ್ರೋಲ್), ಆಮೇಲೆ ಬೇಸ್, ಟ್ರೆಬಲ್ ಹೊಂದಿಸುವ ಈಕ್ವಲೈಜರ್, ಆಮೇಲೆ ಮಲ್ಟಿಬ್ಯಾಂಡ್ ಕಂಪ್ರೆಸರ್, ಜಿಗಿಯುವ ತುದಿಗಳನ್ನು ತಗ್ಗಿಸುವ ಲಿಮಿಟರ್, ಕೊನೆಗೆ ಕ್ಲಿಪ್ಪರ್. ಮುಂದೆ ಇರುವವರು ನಿಧಾನ, ಹಿಂದೆ ಇರುವವರು ಚುರುಕು. ಇದು ಮುಖ್ಯ. ನಿಧಾನದವರು ತಮ್ಮ ಕೆಲಸ ಸರಿಯಾಗಿ ಮಾಡದಿದ್ದರೆ ಹೊರೆಯೆಲ್ಲ ಕೊನೆಯ ಕ್ಲಿಪ್ಪರ್ ಮೇಲೆ ಬೀಳುತ್ತದೆ. ಅದು ಮಾಡುವ ಕೆಲಸ ಕಿವಿಗೆ ಬೇಗ ಸಿಕ್ಕಿಬೀಳುತ್ತದೆ.

ಎಜಿಸಿ ಅಂದರೆ ಮಿಕ್ಸರ್ ಮೇಲೆ ಸದಾ ಇರುವ ಒಂದು ತಾಳ್ಮೆಯ ಕೈ. ಹಾಡು ಮೆಲ್ಲಗಿದ್ದರೆ ಎತ್ತುತ್ತದೆ, ಜೋರಾಗಿದ್ದರೆ ಇಳಿಸುತ್ತದೆ. ಸೆಕೆಂಡುಗಟ್ಟಲೆ ಸಮಯ ತೆಗೆದುಕೊಂಡು ಮಾಡುತ್ತದೆ. ಅದರ ಕೈ ಎರಡೂ ಕಡೆ ಆಡಲು ಜಾಗ ಇರಬೇಕು. ಹಾಗಾಗಿ ಮಾಮೂಲಿ ಸದ್ದು ಬಂದಾಗ ಮೀಟರ್ ನಡುವಿನಲ್ಲಿ ನಿಲ್ಲುವಂತೆ ಇನ್‌ಪುಟ್ ಹೊಂದಿಸಿ. ಅದರಲ್ಲಿ ಗೇಟ್ ಅನ್ನುವ ಇನ್ನೊಂದು ಸಣ್ಣ ಸೆಟ್ಟಿಂಗ್ ಇರುತ್ತದೆ. ಜನ ಅದನ್ನು ನೋಡುವುದೇ ಕಡಿಮೆ. ನಿರೂಪಕರು ಎರಡು ವಾಕ್ಯಗಳ ನಡುವೆ ಒಂದು ಕ್ಷಣ ನಿಂತರು ಅನ್ನಿ. ಗೇಟ್ ಇಲ್ಲದಿದ್ದರೆ ಎಜಿಸಿಗೆ ಸದ್ದು ಕಡಿಮೆ ಆಯಿತು ಅನ್ನಿಸಿ ಮೇಲೆತ್ತಲು ಹೊರಡುತ್ತದೆ. ಸ್ಟುಡಿಯೊದ ಫ್ಯಾನ್ ಸದ್ದು, ಕುರ್ಚಿ ಕಿರುಗುಟ್ಟುವುದು ಎಲ್ಲ ಮೇಲೆದ್ದು ಬರುತ್ತವೆ. ಗೇಟ್ ಇದ್ದರೆ ಕೈ ಇದ್ದಲ್ಲೇ ನಿಲ್ಲುತ್ತದೆ.

ಸ್ಟೇಷನ್‌ಗೆ ತನ್ನದೇ ಆದ ದನಿ ಬರುವುದು ಜಾಸ್ತಿ ಮಟ್ಟಿಗೆ ಮಲ್ಟಿಬ್ಯಾಂಡ್ ಕಂಪ್ರೆಸರ್‌ನಲ್ಲಿ. ಇದು ಯಾಕೆ ಬೇಕಾಯಿತು ಅಂತ ನೋಡಿ. ಒಂದೇ ಕಂಪ್ರೆಸರ್ ಇಡೀ ಹಾಡನ್ನು ಹಿಡಿದಿದ್ದಾಗ, ದೊಡ್ಡ ಡ್ರಮ್‌ನ "ಧಮ್" ಬಂದ ಕೂಡಲೇ ಅದು ಎಲ್ಲವನ್ನೂ ಕೆಳಗೆ ಅಮುಕುತ್ತಿತ್ತು. ಪ್ರತಿ "ಧಮ್"ಗೂ ಗಾಯಕಿ ಒಂದು ಹೆಜ್ಜೆ ಹಿಂದೆ ಹೋಗಿ ಬಂದಂತೆ ಕೇಳುತ್ತಿತ್ತು. ಇದಕ್ಕೆ ಪಂಪಿಂಗ್ ಅನ್ನುತ್ತಾರೆ. ಶಬ್ದವನ್ನು ಬೇಸ್‌ನಿಂದ ಟ್ರೆಬಲ್‌ವರೆಗೆ ನಾಲ್ಕೈದು ಪಾಲು (ಬ್ಯಾಂಡ್) ಮಾಡಿ, ಒಂದೊಂದಕ್ಕೂ ಒಂದೊಂದು ಕಂಪ್ರೆಸರ್ ಕೊಟ್ಟರೆ "ಧಮ್" ತನ್ನ ಪಾಲನ್ನಷ್ಟೇ ಅಮುಕುತ್ತದೆ. ಗಾಯಕಿ ಅಲುಗಾಡುವುದಿಲ್ಲ.

ಆದರೆ ಇದರ ಜೊತೆಗೆ ಇನ್ನೊಂದು ಆಗುತ್ತದೆ. ಪ್ರತಿ ಪಾಲೂ ತನ್ನ ಗುರಿಯ ಮಟ್ಟಕ್ಕೆ ಬರಲು ಎಳೆಯುತ್ತದೆ. ಬೇಸ್ ಕಡಿಮೆ ಇರುವ ಹಾಡಿಗೆ ಬೇಸ್ ಸೇರುತ್ತದೆ. ಮಂಕಾಗಿರುವ ಹಳೆಯ ರೆಕಾರ್ಡಿಂಗ್‌ಗೆ ಹೊಳಪು ಬರುತ್ತದೆ. ಅಂದರೆ ಪ್ರೊಸೆಸರ್ ಪ್ರತಿ ಹಾಡನ್ನೂ ಒಂದೇ ಬಣ್ಣಕ್ಕೆ ತರುತ್ತಿರುತ್ತದೆ. ಸ್ಟೇಷನ್‌ಗೆ ಒಂದೇ ತೆರನಾದ ದನಿ ಬರುವುದು ಇದರಿಂದಲೇ. ಜಾಸ್ತಿ ಮಾಡಿದರೆ ಪಿಯಾನೊ ಒಂದೇ ಇರುವ ಹಾಡಿಗೂ, ಪೂರ್ತಿ ವಾದ್ಯವೃಂದದ ಹಾಡಿಗೂ ವ್ಯತ್ಯಾಸವೇ ಇಲ್ಲದಂತಾಗುವುದೂ ಇದರಿಂದಲೇ. ನನಗೆ ಇದು ಇಷ್ಟವಿಲ್ಲ. ಹಾಡಿನ ಬಣ್ಣ ಅದನ್ನು ಮಾಡಿದವರು ಆರಿಸಿದ್ದು. ಸ್ಟೇಷನ್ ಅದನ್ನು ಸ್ವಲ್ಪ ತನ್ನ ಕಡೆ ವಾಲಿಸಬಹುದು, ಅಳಿಸಬಾರದು. ಪಕ್ಕಪಕ್ಕದ ಪಾಲುಗಳನ್ನು ಸಡಿಲವಾಗಿ ಒಂದಕ್ಕೊಂದು ಕಟ್ಟಿಹಾಕುವ ಸೆಟ್ಟಿಂಗ್ ಬಹಳ ಯಂತ್ರಗಳಲ್ಲಿ ಇರುತ್ತದೆ. ಕಪ್ಲಿಂಗ್ ಅನ್ನುತ್ತಾರೆ. ಒಂದು ಪಾಲು ತೀರಾ ಬೇರೆ ಕಡೆ ಓಡದಂತೆ ಅದು ತಡೆಯುತ್ತದೆ. ಮೊದಲು ಅದನ್ನು ಉಪಯೋಗಿಸಿ ನೋಡಿ.

ಇಲ್ಲಿ ಕೈಗೆ ಸಿಗುವ ಮುಖ್ಯ ನಾಬ್‌ಗಳು ಎರಡು: ಡ್ರೈವ್ ಮತ್ತು ರಿಲೀಸ್. ಡ್ರೈವ್ ಅಂದರೆ ಕಂಪ್ರೆಸರ್ ಒಳಗೆ ಎಷ್ಟು ನೂಕುತ್ತೀರಿ ಅನ್ನುವುದು. ರಿಲೀಸ್ ಅಂದರೆ ಅಮುಕಿದ ಮೇಲೆ ಎಷ್ಟು ಬೇಗ ಕೈ ಬಿಡುತ್ತದೆ ಅನ್ನುವುದು. ರಿಲೀಸ್ ಚುರುಕಾಗಿದ್ದರೆ ಎರಡು ಪೆಟ್ಟುಗಳ ನಡುವಿನ ಜಾಗವೂ ತುಂಬಿಕೊಳ್ಳುತ್ತದೆ. ದನಿ ದಟ್ಟವಾಗುತ್ತದೆ, ಜೋರಾಗುತ್ತದೆ. ಜೊತೆಗೆ ನಿರೂಪಕರ ಉಸಿರು, ಕೋಣೆಯ ಗುಂಯ್ ಕೂಡ ಮೇಲೆ ಬರುತ್ತವೆ. ನಿಧಾನವಾಗಿದ್ದರೆ ಹಾಡಿಗೆ ಗಾಳಿಯಾಡುತ್ತದೆ, ಏರಿಳಿತ ಉಳಿಯುತ್ತದೆ, ಆದರೆ ಜೋರು ಕಡಿಮೆ. ಡ್ರೈವ್ ಜಾಸ್ತಿ ಇಟ್ಟು ರಿಲೀಸ್ ನಿಧಾನ ಮಾಡಿದ ದನಿಯೇ ಬೇರೆ, ಡ್ರೈವ್ ಕಡಿಮೆ ಇಟ್ಟು ರಿಲೀಸ್ ಚುರುಕು ಮಾಡಿದ ದನಿಯೇ ಬೇರೆ. ಒಂದು ದಿನ ಪೂರ್ತಿ ಈ ಎರಡೇ ನಾಬ್‌ಗಳ ಜೊತೆ ಕಳೆದರೂ ಅದು ವ್ಯರ್ಥ ಅಲ್ಲ.

ಕೊನೆಯಲ್ಲಿ ಕ್ಲಿಪ್ಪರ್. ಬೇಲಿ ದಾಟಿದ ತಲೆಯನ್ನು ಕತ್ತರಿಸುವುದು ಅದರ ಕೆಲಸ. ಹಿತಮಿತವಾಗಿದ್ದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ಬೇಸ್ ಮತ್ತು ಟ್ರೆಬಲ್ ಒಟ್ಟಿಗೆ ಬಂದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಬೇಸ್‌ನ ಅಲೆ ಒಂದು ದೊಡ್ಡ ದಿಬ್ಬದ ಹಾಗೆ. ಟ್ರೆಬಲ್ ಆ ದಿಬ್ಬದ ಮೇಲೆ ಬೆಳೆದ ಹುಲ್ಲಿನ ಹಾಗೆ. ದಿಬ್ಬದ ನೆತ್ತಿ ಕತ್ತರಿಸಿದರೆ ಅಲ್ಲಿದ್ದ ಹುಲ್ಲೂ ಹೋಯಿತು. 60 ಹರ್ಟ್ಜ್ ಬೇಸ್ ಆದರೆ ಮೇಲೂ ಕೆಳಗೂ ಸೇರಿ ಸೆಕೆಂಡಿಗೆ 120 ಸಲ ಟ್ರೆಬಲ್ ಮಾಯವಾಗಿ ಮತ್ತೆ ಬರುತ್ತದೆ. ಅದು ಕಿವಿಗೆ ಮರಳು ಉಜ್ಜಿದ ಹಾಗೆ ಕೇಳುತ್ತದೆ. ಹಾಗಾಗಿಯೇ ಒಳ್ಳೆಯ ಪ್ರೊಸೆಸರ್‌ಗಳಲ್ಲಿ ಬೇಸ್‌ಗೆ ಬೇರೆಯದೇ ಕ್ಲಿಪ್ಪರ್ ಮೊದಲೇ ಇರುತ್ತದೆ. ಹಾಡು ಒರಟಾಗಿ ಕೇಳಿದಾಗ ಎಲ್ಲರೂ ಟ್ರೆಬಲ್ ಮೇಲೆ ಅನುಮಾನ ಪಡುತ್ತಾರೆ. ತಪ್ಪು ಬೇಸ್‌ನದ್ದು ಇರಬಹುದು. ಬೇಸ್ ಒಂದು ಡೆಸಿಬಲ್ ಇಳಿಸಿ ಕೇಳಿ ನೋಡಿ.

ಫೇಸ್ ರೊಟೇಟರ್ ಅನ್ನುವ ಇನ್ನೊಂದು ಭಾಗದ ಹೆಸರು ಕಾಣಬಹುದು. ಮನುಷ್ಯರ ದನಿಯ ಅಲೆ ಒಂದು ಕಡೆ ಎತ್ತರ, ಇನ್ನೊಂದು ಕಡೆ ಗಿಡ್ಡ ಇರುತ್ತದೆ. ಎತ್ತರದ ಕಡೆ ಬೇಲಿಗೆ ಬೇಗ ತಾಗುತ್ತದೆ. ರೊಟೇಟರ್ ಎರಡೂ ಕಡೆ ಸಮ ಮಾಡುತ್ತದೆ. ಮಾತಿಗೆ ಒಳ್ಳೆಯದು. ಡ್ರಮ್, ಪಿಯಾನೊಗಳ ಮೊನಚು ಮಾತ್ರ ಸ್ವಲ್ಪ ಮೆತ್ತಗಾಗುತ್ತದೆ.

ಸ್ಟೀರಿಯೊವನ್ನು ಅಗಲ ಮಾಡುವ ನಾಬ್ ಬಗ್ಗೆ ಒಂದೇ ಮಾತು: ಎಚ್ಚರ. ಎಫ್‌ಎಂ ಸ್ಟೀರಿಯೊದಲ್ಲಿ ಎಡ ಬಲ ಬೇರೆ ಇಲ್ಲದ ಮೊನೊಗಿಂತ ಸುಮಾರು 20 ಡೆಸಿಬಲ್‌ಗೂ ಜಾಸ್ತಿ ಗದ್ದಲ ಸೇರುತ್ತದೆ. ಕಟ್ಟಡ, ಬೆಟ್ಟಗಳಿಗೆ ತಾಗಿ ಬರುವ ಸಿಗ್ನಲ್‌ನ ತೊಂದರೆಯೂ ಎಡ ಬಲಗಳ ವ್ಯತ್ಯಾಸ ಜಾಸ್ತಿ ಇದ್ದಾಗಲೇ ಜಾಸ್ತಿ. ಸ್ಟುಡಿಯೊದಲ್ಲಿ ಚೆಂದ ಕೇಳಿದ ಅಗಲ, ಓಡುವ ಕಾರಿನಲ್ಲಿ ಪಟಪಟ ಅನ್ನುವ ಗದ್ದಲವಾಗಬಹುದು.

ಪೆಟ್ಟಿಗೆಯ ಆಚೆಗೂ ನೋಡಿ

ಒಂದು ಸ್ಟೇಷನ್‌ನಲ್ಲಿ ನನಗೆ ಆದ ಅನುಭವ ಹೇಳುತ್ತೇನೆ. "ನಮ್ಮದು ಜೋರಾಗಿ ಕೇಳುತ್ತಿಲ್ಲ" ಅಂತ ಕರೆ ಬಂತು. ಹೋಗಿ ನೋಡಿದರೆ ಪ್ರೊಸೆಸರ್ ಸೆಟ್ಟಿಂಗ್ ಆಗಲೇ ತೀರಾ ಬಿಗಿಯಾಗಿತ್ತು. ಡ್ರೈವ್ ಜಾಸ್ತಿ, ರಿಲೀಸ್ ಚುರುಕು, ಕ್ಲಿಪ್ಪರ್ ತುಂಬು. ಪ್ರೊಸೆಸರ್‌ಗೇ ಹೆಡ್‌ಫೋನ್ ಹಾಕಿ ಕೇಳಿದರೆ ತಲೆ ಚಿಟ್ಟು ಹಿಡಿಯುವಷ್ಟು ಜೋರು. ರೇಡಿಯೊದಲ್ಲಿ ಕೇಳಿದರೆ ಒರಟು ಮಾತ್ರ ಹಾಗೇ ಇತ್ತು, ಜೋರು ಇರಲಿಲ್ಲ. ಎರಡು ದಿನ ನಾನು ಪೆಟ್ಟಿಗೆಯೊಳಗೇ ಹುಡುಕಿದೆ. ಮೂರನೇ ದಿನ ಟ್ರಾನ್ಸ್‌ಮಿಟರ್ ಇರುವ ಗುಡ್ಡಕ್ಕೆ ಹೋದೆ.

ತೊಂದರೆ ನಡುವಿನ ಲಿಂಕ್‌ನಲ್ಲಿತ್ತು. ಪ್ರೊಸೆಸರ್ ಸ್ಟುಡಿಯೊದಲ್ಲಿ, ಟ್ರಾನ್ಸ್‌ಮಿಟರ್ ಗುಡ್ಡದ ಮೇಲೆ. ನಡುವೆ ಇದ್ದದ್ದು ಡೇಟಾ ಕುಗ್ಗಿಸಿ ಕಳಿಸುವ ಡಿಜಿಟಲ್ ಲಿಂಕ್. ಅಂಥ ಲಿಂಕ್ ಕಿವಿಗೆ ಒಂದೇ ಥರ ಕೇಳುವ ಶಬ್ದವನ್ನು ಕೊಡುತ್ತದೆ, ಅಲೆಯ ಆಕಾರವನ್ನು ಹಾಗೇ ಉಳಿಸುವುದಿಲ್ಲ. ಪ್ರೊಸೆಸರ್ ಅಷ್ಟು ಕಷ್ಟಪಟ್ಟು ಸಮ ಮಾಡಿದ ತಲೆಗಳು ಆ ಕಡೆ ಬರುವಾಗ ಮತ್ತೆ ಎದ್ದು ನಿಂತಿದ್ದವು. ಸುಮಾರು 3 ಡೆಸಿಬಲ್. ಅವು ಬೇಲಿ ದಾಟದಿರಲಿ ಅಂತ ಅಲ್ಲಿನ ತಂತ್ರಜ್ಞರು ಇಡೀ ಸದ್ದನ್ನೇ ಅಷ್ಟು ಇಳಿಸಿದ್ದರು. ಅವರು ಮಾಡಿದ್ದು ಸರಿಯೇ. ಪ್ರೊಸೆಸರನ್ನು ಗುಡ್ಡಕ್ಕೆ ಸಾಗಿಸಿ ಲಿಂಕ್ ಆದ ಮೇಲೆ ಕೂರಿಸಿದೆವು. ಕ್ಲಿಪ್ಪರ್ 2 ಡೆಸಿಬಲ್ ಇಳಿಸಿದೆವು. ಸ್ಟೇಷನ್ ಮೊದಲಿಗಿಂತ ಶುಚಿಯೂ ಆಯಿತು, ಜೋರೂ ಆಯಿತು.

ಈ ಪಾಠ ಹಳೆಯದೇ. 1970ರ ದಶಕದ ಮೊದಲ ಭಾಗದವರೆಗೆ ಲಿಮಿಟರ್ ಒಂದು ಪೆಟ್ಟಿಗೆ, ಸ್ಟೀರಿಯೊ ಸಿಗ್ನಲ್ ತಯಾರಿಸುವುದು ಇನ್ನೊಂದು ಪೆಟ್ಟಿಗೆ. ಪೈಲಟ್‌ಗೆ ತೊಂದರೆ ಆಗದಿರಲಿ ಅಂತ ಎರಡನೆಯದರಲ್ಲಿ 15 ಕಿಲೋಹರ್ಟ್ಜ್ ಮೇಲಿನದನ್ನು ತಡೆಯುವ ಫಿಲ್ಟರ್ ಇರುತ್ತಿತ್ತು. ಲಿಮಿಟರ್ ಸಮ ಮಾಡಿದ ತಲೆಗಳನ್ನು ಆ ಫಿಲ್ಟರ್ ಮತ್ತೆ ಎಬ್ಬಿಸುತ್ತಿತ್ತು. 1975ರಲ್ಲಿ ಅಮೆರಿಕದ ಎಂಜಿನಿಯರ್ ರಾಬರ್ಟ್ ಆರ್ಬನ್ ತಂದ ಆಪ್ಟಿಮೋಡ್-ಎಫ್‌ಎಂ 8000 ಕಂಪ್ರೆಸರ್, ಲಿಮಿಟರ್, ಸ್ಟೀರಿಯೊ ಜನರೇಟರ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿತು. ಫಿಲ್ಟರ್ ಎಬ್ಬಿಸುವುದನ್ನೂ ಲೆಕ್ಕ ಹಾಕಿ ಕಟ್ಟಿದ ಯಂತ್ರ ಅದು. ಎಫ್‌ಎಂ ಸ್ಟೇಷನ್‌ಗಳ ದನಿ ಆಮೇಲೆ ಬದಲಾಗಿ ಹೋಯಿತು.

ಪೆಟ್ಟಿಗೆ ಆದ ಮೇಲಿನದನ್ನು ನೋಡಿದ ಹಾಗೆ ಅದಕ್ಕೆ ಮೊದಲಿನದನ್ನೂ ನೋಡಬೇಕು. ಒಳಗೆ ಏನು ಬರುತ್ತಿದೆ? ಹಾಡುಗಳು ಕಡಿಮೆ ಬಿಟ್‌ರೇಟ್‌ನ ಎಂಪಿ3 ಆಗಿದ್ದರೆ ಯಾವ ಸೆಟ್ಟಿಂಗ್ ಕೂಡ ಸಹಾಯ ಮಾಡುವುದಿಲ್ಲ. ಕಿವಿಗೆ ಕೇಳದು ಅಂತ ಎಂಪಿ3 ಅಡಗಿಸಿಟ್ಟ ಕೊಳೆಯನ್ನು ಮಲ್ಟಿಬ್ಯಾಂಡ್ ಎತ್ತಿ ತೋರಿಸುತ್ತದೆ. ಸಿಂಬಲ್‌ಗಳು (ಡ್ರಮ್ ಜೊತೆಗಿರುವ ಲೋಹದ ತಟ್ಟೆಗಳು) ನೀರಿನೊಳಗೆ ಮುಳುಗಿ ಎದ್ದಂತೆ ಕೇಳುತ್ತವೆ. ಇತ್ತೀಚಿನ ಬಹಳ ಹಾಡುಗಳು ರೆಕಾರ್ಡಿಂಗ್‌ನಲ್ಲೇ ತಲೆ ಕತ್ತರಿಸಿಕೊಂಡು ಬಂದಿರುತ್ತವೆ. ಆ ಚಪ್ಪಟೆ ತಲೆಗಳು ಫೇಸ್ ರೊಟೇಟರ್, ಫಿಲ್ಟರ್‌ಗಳಲ್ಲಿ ಹಾದಾಗ ವಾಲುತ್ತವೆ. ವಾಲಿದ ತುದಿ ಹೊಸ ಪೀಕ್ ಆಗುತ್ತದೆ, ಕ್ಲಿಪ್ಪರ್ ಅದನ್ನು ಎರಡನೇ ಸಲ ಕತ್ತರಿಸುತ್ತದೆ. ಜೋರಾಗಿ ಮಾಸ್ಟರ್ ಮಾಡಿದ ಹಾಡು ರೇಡಿಯೊದಲ್ಲಿ ಜೋರಾಗುವುದಿಲ್ಲ, ಕೊಳಕಾಗುತ್ತದೆ. ಕತ್ತರಿಸಿದ ತಲೆಯನ್ನು ಊಹಿಸಿ ಮತ್ತೆ ಕಟ್ಟುವ ಡಿ-ಕ್ಲಿಪ್ಪರ್ ಕೆಲವು ಪ್ರೊಸೆಸರ್‌ಗಳಲ್ಲಿ ಇದೆ. ಇದ್ದರೆ ಧಾರಾಳವಾಗಿ ಉಪಯೋಗಿಸಿ.

ಹದ ಹಿಡಿಯುವ ಹೊತ್ತು

ನಾಬ್ ಮುಟ್ಟುವ ಮೊದಲು ನಿಮಗೆ ಯಾವ ದನಿ ಬೇಕು ಅಂತ ಮಾತಿನಲ್ಲಿ ಬರೆದುಕೊಳ್ಳಿ. "ಚೆನ್ನಾಗಿರಬೇಕು" ಅಂತ ಬರೆದರೆ ಪ್ರಯೋಜನವಿಲ್ಲ. "ಮಾತು ಎಲ್ಲಕ್ಕಿಂತ ಮುಂದೆ, ಬೇಸ್ ಬೆಚ್ಚಗೆ, ಎರಡು ಗಂಟೆ ಕೇಳಿದರೂ ಸುಸ್ತಾಗಬಾರದು" ಅಂತ ಬರೆದರೆ ದಾರಿ ಕಾಣುತ್ತದೆ. ಸುದ್ದಿ ಮತ್ತು ಮಾತುಕತೆಯ ಸ್ಟೇಷನ್‌ಗೂ, ಕುಣಿಯುವ ಹಾಡುಗಳ ಸ್ಟೇಷನ್‌ಗೂ ಬೇಕಾದ ಹಂಚಿಕೆ ಬೇರೆ. ಜನ ಕೆಲಸ ಮಾಡುತ್ತಾ ದಿನವಿಡೀ ಕೇಳುವ ಸ್ಟೇಷನ್ ಆದರೆ ಜೋರಿನಿಂದ ಸ್ವಲ್ಪ ಕಿತ್ತು ಶುಚಿಗೆ ಕೊಡಿ. ಕಿವಿ ದಣಿದರೆ ಅದು ಯಾಕೆ ಅಂತ ಕೇಳುಗರಿಗೆ ಗೊತ್ತಾಗುವುದಿಲ್ಲ. ಸುಮ್ನೆ ಸ್ಟೇಷನ್ ಬದಲಾಯಿಸುತ್ತಾರೆ ಅಷ್ಟೇ.

ಆಮೇಲೆ ಯಂತ್ರದಲ್ಲೇ ಇರುವ ಪ್ರಿಸೆಟ್‌ಗಳಲ್ಲಿ (ಸಿದ್ಧ ಸೆಟ್ಟಿಂಗ್‌ಗಳಲ್ಲಿ) ನಿಮ್ಮ ಬರಹಕ್ಕೆ ಹತ್ತಿರ ಇರುವುದನ್ನು ಹಾಕಿ. ಒಂದೆರಡು ದಿನ ಏನೂ ಮುಟ್ಟದೆ ಕೇಳಿ. ಇದು ಬಹಳ ಜನರಿಗೆ ಆಗದ ಕೆಲಸ. ಆದರೆ ಕಿವಿಗೆ ಆ ದನಿ ಒಗ್ಗದೆ ಅದರ ಕೊರತೆ ತಿಳಿಯುವುದಿಲ್ಲ.

ಬದಲಾವಣೆ ಒಂದು ಸಲಕ್ಕೆ ಒಂದೇ ಇರಲಿ. ಅದೂ ಒಂದು ಡೆಸಿಬಲ್‌ನಷ್ಟು. ಒಂದು ಹಾಡಿಗಾಗಿ ನಾಬ್ ತಿರುಗಿಸಬೇಡಿ. ಆ ಹಾಡಿಗೆ ಸರಿ ಮಾಡಿದ್ದು ಮುಂದಿನ ಹತ್ತು ಹಾಡುಗಳನ್ನು ಕೆಡಿಸಬಹುದು. ನನ್ನ ಹತ್ತಿರ ಹನ್ನೆರಡು ತುಣುಕುಗಳ ಒಂದು ಪಟ್ಟಿ ಇದೆ. ಅದರಲ್ಲಿ ಒಂಟಿ ಪಿಯಾನೊ, ಬೇಸ್ ತುಂಬಿದ ಹಾಡು, ಹಳೆಯ ಮಂಕು ರೆಕಾರ್ಡಿಂಗ್, ಇಬ್ಬರು ಗಂಡಸರು ಮತ್ತು ಇಬ್ಬರು ಹೆಂಗಸರ ಬರೀ ಮಾತು ಇವೆ. ಪ್ರತಿ ಬದಲಾವಣೆಗೂ ಅವನ್ನೇ ಕೇಳುತ್ತೇನೆ. ಮಾತನ್ನು ಯಾವತ್ತೂ ಬಿಡುವುದಿಲ್ಲ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಒಡಕು ಇದ್ದರೆ ಅದು ವಾದ್ಯದ ಗುಣವೇ ಅಂದುಕೊಳ್ಳಬಹುದು. ಮನುಷ್ಯರ ದನಿ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ಮೋಸ ನಡೆಯುವುದಿಲ್ಲ.

ಎರಡು ಸೆಟ್ಟಿಂಗ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅರ್ಧ ಡೆಸಿಬಲ್ ಜೋರಾಗಿರುವುದು ಕಿವಿಗೆ "ಜೋರು" ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ. ಹಾಗೆ ಹೆಜ್ಜೆ ಹೆಜ್ಜೆಗೂ "ಚೆನ್ನಾಗಿದೆ" ಅನ್ನುತ್ತಾ ಹೋಗಿ, ಸಂಜೆ ಹೊತ್ತಿಗೆ ಹಾಡನ್ನು ಕೊಂದವರನ್ನು ನಾನು ನೋಡಿದ್ದೇನೆ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಹೊರಗೆ ಹೋಗಿ ಬನ್ನಿ. ಕೇಳುವುದೂ ಒಂದೇ ರೇಡಿಯೊದಲ್ಲಿ ಬೇಡ. ಒಳ್ಳೆಯ ಸ್ಪೀಕರ್, ಓಡುವ ಕಾರು, ಅಂಗೈಯಷ್ಟು ದೊಡ್ಡ ಸ್ಪೀಕರ್ ಇರುವ ಸಣ್ಣ ರೇಡಿಯೊ, ಎಲ್ಲದರಲ್ಲೂ ಕೇಳಿ. ಸಣ್ಣ ರೇಡಿಯೊದ ವಾಲ್ಯೂಮ್ ತೀರಾ ಇಳಿಸಿ ಕೇಳಿ. ಆಗಲೂ ಮಾತು ತಿಳಿಯುತ್ತದಾ? ಅದು ಒಳ್ಳೆಯ ಪರೀಕ್ಷೆ.

ಜೋರಿನ ಪೈಪೋಟಿಗೆ ಕೆಲವು ಕಡೆ ಇನ್ನೊಂದು ಬೇಲಿಯೂ ಇದೆ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸಂಸ್ಥೆಯ ಬಿಎಸ್.412 ಶಿಫಾರಸನ್ನು ಪಾಲಿಸುವ ಯುರೋಪಿನ ಹಲವು ದೇಶಗಳಲ್ಲಿ ಎತ್ತರದ ಜೊತೆಗೆ ಸರಾಸರಿಯನ್ನೂ ಅಳೆಯುತ್ತಾರೆ. ಯಾವುದೇ 60 ಸೆಕೆಂಡ್ ತೆಗೆದುಕೊಂಡರೂ ಇಡೀ ಸ್ಟೀರಿಯೊ ಸಿಗ್ನಲ್‌ನ ಸರಾಸರಿ ಶಕ್ತಿ, ಒಂದೊಂದು ಕಡೆಗೆ 19 ಕಿಲೋಹರ್ಟ್ಜ್ ಸರಿಸುವ ಒಂದೇ ಸ್ವರದ ಶಕ್ತಿಯನ್ನು ಮೀರಬಾರದು. ಅಲ್ಲಿ ಹಾಡನ್ನು ಹಿಂಡಿ ದಟ್ಟ ಮಾಡಿದರೆ ಒಟ್ಟು ಮಟ್ಟವನ್ನು ಇಳಿಸಬೇಕಾಗುತ್ತದೆ. ಹಿಂಡಿದ್ದಕ್ಕೆ ಲಾಭವಿಲ್ಲ. ಪೀಕ್‌ಗಳನ್ನು ಧಾರಾಳವಾಗಿ ಉಳಿಸಿಕೊಂಡ ಶುಚಿಯಾದ ಸೆಟ್ಟಿಂಗೇ ಅಲ್ಲಿ ಜಾಣತನ.

ಇಂಟರ್‌ನೆಟ್ ಸ್ಟ್ರೀಮ್‌ಗೆ ಎಫ್‌ಎಂ ಪ್ರೊಸೆಸರ್‌ನ ದನಿಯನ್ನೇ ಕೊಡಬೇಡಿ. ಅಲ್ಲಿ ಪ್ರಿ-ಎಂಫಸಿಸ್ ಇಲ್ಲ. ಕ್ಲಿಪ್ಪರ್ ಹುಟ್ಟಿಸುವ ಕೊಳೆಯನ್ನೂ ಸಾಗಿಸಲು ಶಬ್ದದ ಡೇಟಾ ಕುಗ್ಗಿಸುವ ಕೋಡೆಕ್ ತನ್ನ ಬಿಟ್‌ಗಳನ್ನು ಖರ್ಚು ಮಾಡುತ್ತದೆ. ಕ್ಲಿಪ್ಪರ್ ಬದಲು ಮುಂದೆ ಬರುವುದನ್ನು ಮೊದಲೇ ನೋಡಿ ತಗ್ಗಿಸುವ ಲಿಮಿಟರ್ ಇರುವ ಬೇರೆ ಪ್ರೊಸೆಸರ್ ಬೇಕು.

ನಿರೂಪಕರ ಹೆಡ್‌ಫೋನ್ ಮರೆಯಬೇಡಿ. ಅವರು ತಮ್ಮ ದನಿಯನ್ನು ಪ್ರೊಸೆಸರ್ ಆದ ಮೇಲೆ ಕೇಳುತ್ತಿದ್ದರೆ, ಯಂತ್ರ ತೆಗೆದುಕೊಳ್ಳುವ ಸಮಯ 10 ಮಿಲಿಸೆಕೆಂಡ್ ಹತ್ತಿರ ಬಂದಾಗಲೇ ಕಿರಿಕಿರಿ ಶುರುವಾಗುತ್ತದೆ. ತಲೆಬುರುಡೆಯೊಳಗೆ ಕೇಳುವ ಸ್ವಂತ ದನಿಗೂ ಹೆಡ್‌ಫೋನ್‌ನಲ್ಲಿ ತಡವಾಗಿ ಬರುವ ದನಿಗೂ ತಾಕಲಾಟ ಆಗಿ, ಡಬ್ಬದೊಳಗೆ ಮಾತಾಡಿದಂತೆ ಕೇಳುತ್ತದೆ. ಇನ್ನೂ ಜಾಸ್ತಿ ಆದರೆ ಮಾತೇ ತಡವರಿಸುತ್ತದೆ. ಅವರಿಗೆ ಬೇಗ ಬರುವ ಬೇರೆ ಔಟ್‌ಪುಟ್ ಕೊಡಿ.

ಮಾಡಿದ ಪ್ರತಿ ಬದಲಾವಣೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಹಳೆಯ ಸೆಟ್ಟಿಂಗನ್ನು ತಾರೀಕಿನ ಹೆಸರಿನಲ್ಲಿ ಉಳಿಸಿಡಿ. ನನ್ನ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ: "ನಾಲ್ಕನೇ ಬ್ಯಾಂಡ್ ಡ್ರೈವ್ 1 ಇಳಿಸಿದೆ. ಕಾರಣ, ಬೆಳಗಿನ ನಿರೂಪಕಿಯ 'ಶ' ಹರಿಯುತ್ತಿತ್ತು. ಸಂಜೆ ಕಾರಿನಲ್ಲಿ ಕೇಳಿದೆ, 'ಶ' ಸರಿ ಹೋಗಿದೆ. ಸಿಂಬಲ್ ಸ್ವಲ್ಪ ಮಂಕು. ನಾಳೆ ಅರ್ಧ ವಾಪಸ್ ಹಾಕಿ ನೋಡಬೇಕು."